ಮತದಾರನನ್ನು ಹಳಿಯುವ ಮುನ್ನ

ಚುನಾವಣೆಯ ಫಲಿತಾಂಶ ತಮಗೆ ಒಪ್ಪಿಗೆಯಾಗದಾಗಲೆಲ್ಲ ಮತದಾರನ ವಿವೇಕವನ್ನೇ ಶಂಕಿಸುವುದು ನಮ್ಮ ಸುಶಿಕ್ಷಿತ ವರ್ಗಕ್ಕೆ ಅಂಟಿಕೊಂಡ ಹಳೆಯ ಚಾಳಿ. ಆತ ಜಾತಿ ನೋಡಿದ, ಊರು ನೋಡಿದ, ಮನೆತನ ನೋಡಿದ, ಕಷ್ಟಕಾಲದಲ್ಲಿ ಬಾಗಿಲಿಗೆ ಬಂದವನ ಮುಖ ನೋಡಿದ. ನೀತಿಯನ್ನು ನೋಡಲಿಲ್ಲ, ರಾಷ್ಟ್ರಹಿತವನ್ನು ನೋಡಲಿಲ್ಲ ಎಂಬುದು ಆರೋಪಪಟ್ಟಿಯ ಸಾರಾಂಶ. ಈ ಆರೋಪದ ಬೆನ್ನಿಗೇ ಒಂದು ಸಮಾಧಾನವೂ ಬರುತ್ತದೆ: ಅಕ್ಷರ ಹರಡಲಿ, ಬಡತನ ಕರಗಲಿ, ಆಗ ನಮ್ಮವರೂ ಪಶ್ಚಿಮ ದೇಶಗಳ ಪ್ರಜೆಗಳಂತೆ ಪ್ರಣಾಳಿಕೆಗಳನ್ನು ಓದಿ, ತೂಗಿ, ಅಳೆದು ಮತ ಚಲಾಯಿಸುವರು. ಆರೋಪವೂ ತಪ್ಪು, ಸಮಾಧಾನವೂ ತಪ್ಪು ಎಂಬುದೇ ಈ ಲೇಖನದ ವಾದ. ಅದಕ್ಕೆ ಸಾಕ್ಷಿಯಾಗಿ ಕರೆಯುತ್ತಿರುವುದು ಐರ್ಲೆಂಡಿನ ಸಾಮಾನ್ಯ ಮತದಾರನನ್ನು.

ಐರ್ಲೆಂಡೇ ಏಕೆ ಎಂದರೆ, ಅಲ್ಲಿ ಅಕ್ಷರವೂ ಇದೆ, ಸಂಪತ್ತೂ ಇದೆ. ಸ್ವಾತಂತ್ರ್ಯ ಬಂದಂದಿನಿಂದ ಕಡಿಯದೆ ನಡೆದುಬಂದ ಸಂಸದೀಯ ಪ್ರಜಾಪ್ರಭುತ್ವವೂ ಇದೆ. ಆದರೂ ಅಲ್ಲಿಯ ಮತದಾರ ಅಭ್ಯರ್ಥಿಯನ್ನು ಕುರಿತು ಮೊದಲು ಕೇಳುವ ಪ್ರಶ್ನೆ ನಮ್ಮ ಬಿಜಾಪುರದ ಅಥವಾ ಸೊಲ್ಲಾಪುರದ ಮತದಾರ ಕೇಳುವ ಪ್ರಶ್ನೆಯೇ: ಇವನು ಯಾವ ಊರಿನವನು, ಯಾರ ಮಗ, ನಮಗೆ ಸಿಗುತ್ತಾನೆಯೇ? ಇದನ್ನು ಅಲ್ಲಿಯ ಪತ್ರಿಕೆಗಳು ಊರ ನೀರಿನ ಪಂಪಿನ ರಾಜಕಾರಣವೆಂದು ಮೂದಲಿಸುತ್ತವೆ. ದೇಶವನ್ನು ಮರೆತು ಊರ ನಲ್ಲಿಯ ಸುತ್ತ ಗಿರಕಿ ಹೊಡೆಯುವ ರಾಜಕಾರಣ ಎಂದು ಅರ್ಥ. ಮೂದಲಿಕೆಯಲ್ಲಿ ಡಬ್ಲಿನ್ನಿನ ಬುದ್ಧಿಜೀವಿಗೂ ಬೆಂಗಳೂರು, ಮುಂಬಯಿಗಳ ಬುದ್ಧಿಜೀವಿಗೂ ಅಷ್ಟೇನೂ ಅಂತರವಿಲ್ಲ.

ಮೊದಲು ಅಲ್ಲಿಯ ವ್ಯವಸ್ಥೆಯನ್ನು ಅರಿಯಬೇಕು. ಐರಿಷ್ ಸಂಸತ್ತಿನ ಕೆಳಮನೆ ಡಾಯ್ಲ್. ಅದರ ಸದಸ್ಯರನ್ನು ಟಿ.ಡಿ. ಎಂದು ಕರೆಯುತ್ತಾರೆ, ಪ್ರಧಾನಿಗೆ ಟೀಶಕ್ ಎಂದು ಹೆಸರು. ಇಪ್ಪತ್ತರಿಂದ ಮೂವತ್ತು ಸಾವಿರ ಜನರಿಗೆ ಒಬ್ಬ ಟಿ.ಡಿ. ಇರಬೇಕೆಂದು ಸಂವಿಧಾನವೇ ವಿಧಿಸುತ್ತದೆ. ನಮ್ಮ ಲೋಕಸಭೆಯ ಸದಸ್ಯನೊಬ್ಬನ ಬೆನ್ನಿಗೆ ಹತ್ತಾರು ಲಕ್ಷ ಜನರಿರುವಾಗ ಅಲ್ಲಿಯವನದು ನಮ್ಮ ನಗರಸಭೆಯ ವಾರ್ಡೊಂದರಷ್ಟು ಜನ. ಪ್ರತಿಯೊಂದು ಕ್ಷೇತ್ರದಿಂದ ಮೂವರು, ನಾಲ್ವರು ಅಥವಾ ಐವರು ಆಯ್ಕೆಯಾಗುತ್ತಾರೆ. 2024ರ ನವೆಂಬರ್ ಚುನಾವಣೆಯಲ್ಲಿ 43 ಕ್ಷೇತ್ರಗಳಿಂದ 174 ಸದಸ್ಯರು ಬಂದರು. ಮತಪತ್ರದಲ್ಲಿ ಒಂದು ಗುರುತು ಒತ್ತಿ ಬರುವುದಲ್ಲ. ಅಭ್ಯರ್ಥಿಗಳ ಹೆಸರಿನೆದುರು 1, 2, 3 ಎಂದು ತನ್ನ ಪ್ರಾಶಸ್ತ್ಯವನ್ನು ಬರೆಯುತ್ತ ಹೋಗಬೇಕು. ಎಲ್ಲಿಗೆ ಸಾಕೆನಿಸಿತೋ ಅಲ್ಲಿಗೆ ನಿಲ್ಲಿಸಬಹುದು.

ಎಣಿಕೆಯ ಕ್ರಮವೂ ಕಷ್ಟದ್ದಲ್ಲ. ಐದು ಸ್ಥಾನಗಳ ಕ್ಷೇತ್ರದಲ್ಲಿ ಅರುವತ್ತು ಸಾವಿರ ಸಿಂಧು ಮತಗಳಿದ್ದರೆ ಅದನ್ನು ಆರರಿಂದ ಭಾಗಿಸಿ ಒಂದನ್ನು ಕೂಡಬೇಕು. 10,001 ಮತ ಪಡೆದವನು ಗೆದ್ದ. ಅದಕ್ಕಿಂತ ಹೆಚ್ಚು ಬಂದಿದ್ದರೆ ಹೆಚ್ಚುವರಿ ಮತಗಳು ಎರಡನೆಯ ಪ್ರಾಶಸ್ತ್ಯದವರಿಗೆ ಹರಿಯುತ್ತವೆ. ಯಾರೂ ಆ ಸಂಖ್ಯೆಯನ್ನು ಮುಟ್ಟದಿದ್ದರೆ ಕಟ್ಟಕಡೆಯವನನ್ನು ಕೈಬಿಟ್ಟು ಅವನ ಮತಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ಹಂಚುತ್ತಾರೆ. ಎಲ್ಲವೂ ಕೈಯಿಂದಲೇ ನಡೆಯುವ ಎಣಿಕೆ. ಕೆಲವೊಮ್ಮೆ ದಿನಗಟ್ಟಲೆ ಸಾಗುತ್ತದೆ. ಮತಪೆಟ್ಟಿಗೆ ತೆರೆಯುವಾಗ ಕಟಾಂಜನದ ಹೊರಗೆ ನಿಂತ ಪಕ್ಷಗಳ ಲೆಕ್ಕಿಗರು ಒಂದೊಂದು ಮತಪತ್ರವನ್ನೂ ಕಣ್ಣಿನಿಂದಲೇ ಎಣಿಸಿ, ಯಾವ ಬೀದಿ ಯಾರಿಗೆ ಒಲಿಯಿತೆಂದು ಮಧ್ಯಾಹ್ನದೊಳಗೆ ಹೇಳಿಬಿಡುತ್ತಾರೆ. ಅವರು ಟ್ಯಾಲಿಮನ್‌ಗಳೆಂದು ಪ್ರಸಿದ್ಧರು. ಬೀದಿಬೀದಿಯ ಮನಸ್ಸನ್ನು ಬಲ್ಲ ರಾಜಕಾರಣ ಅದು.

ಈ ವ್ಯವಸ್ಥೆಯಿಂದ ಒಂದು ವಿಚಿತ್ರ ಪರಿಣಾಮವುಂಟು. ಒಂದೇ ಪಕ್ಷದ ಇಬ್ಬರು ಮೂವರು ಒಂದೇ ಕ್ಷೇತ್ರದಲ್ಲಿ ನಿಲ್ಲುವುದರಿಂದ ಅಭ್ಯರ್ಥಿಗೆ ಎದುರಾಳಿ ಪಕ್ಷದವನಿಗಿಂತ ಸ್ವಪಕ್ಷದವನೇ ದೊಡ್ಡ ಕಂಟಕ. ಇಬ್ಬರದೂ ಒಂದೇ ಪ್ರಣಾಳಿಕೆಯಾದ ಮೇಲೆ ವ್ಯತ್ಯಾಸವನ್ನು ತೋರಿಸುವುದು ಹೇಗೆ? ಸೇವೆಯಿಂದ, ಪರಿಚಯದಿಂದ, ಊರಿನ ಹೆಸರಿನಿಂದ. ಆದುದರಿಂದ ಟಿ.ಡಿ.ಯಾದವನು ವಾರವಾರವೂ ತನ್ನ ಕ್ಷೇತ್ರದಲ್ಲಿ ಕುಳಿತು ಅಹವಾಲು ಕೇಳುತ್ತಾನೆ. ಅದಕ್ಕೆ ವೈದ್ಯರ ದವಾಖಾನೆಯಂತೆ ಕ್ಲಿನಿಕ್ ಎಂದೇ ಹೆಸರು. ಶವಸಂಸ್ಕಾರಗಳಿಗೆ ತಪ್ಪದೆ ಹೋಗುತ್ತಾನೆ. ಚುನಾವಣೆ ಬಂದಾಗ ಮನೆಮನೆಯ ಕದ ತಟ್ಟುತ್ತಾನೆ. ಪಕ್ಷಗಳೂ ಕ್ಷೇತ್ರವನ್ನು ಹೋಳುಮಾಡಿ, ಈ ಭಾಗದವರು ಇವನಿಗೆ ಒಂದನೆಯ ಪ್ರಾಶಸ್ತ್ಯ, ಅವನಿಗೆ ಎರಡನೆಯದು ಕೊಡಿರೆಂದು ಕರಪತ್ರ ಹಂಚುತ್ತವೆ. 1963ರ ಕಾಯಿದೆ ಬರುವವರೆಗೆ ಮತಪತ್ರದಲ್ಲಿ ಪಕ್ಷದ ಹೆಸರನ್ನೇ ಮುದ್ರಿಸುತ್ತಿರಲಿಲ್ಲ. ಮನುಷ್ಯನ ಹೆಸರೊಂದೇ ಇತ್ತು. ಮನುಷ್ಯನನ್ನು ನೋಡಿ ಮತ ಹಾಕುವುದು ಅಲ್ಲಿ ಅಡ್ಡದಾರಿಯಲ್ಲ, ರಾಜಮಾರ್ಗವೇ.

ಮನೆತನದ ಮಾತೂ ಹಾಗೆಯೇ. 1975ರಲ್ಲಿ ತಂದೆ ತೀರಿಕೊಂಡಾಗ ತೆರವಾದ ಸ್ಥಾನಕ್ಕೆ ಎಂಡಾ ಕೆನಿ ಆಯ್ಕೆಯಾದರು. 1984ರಲ್ಲಿ ಬ್ರಯನ್ ಕೋವೆನ್ ಅದೇ ದಾರಿಯಿಂದ ಬಂದರು. ಇಬ್ಬರೂ ಮುಂದೆ ಪ್ರಧಾನಿಗಳಾದರು. ಡಬ್ಲ್ಯೂ. ಟಿ. ಕಾಸ್ಗ್ರೇವ್ ನವಜಾತ ರಾಷ್ಟ್ರದ ಮೊದಲ ದಶಕದಲ್ಲಿ ಸರ್ಕಾರವನ್ನು ನಡೆಸಿದರೆ ಅವರ ಮಗ ಲಿಯಮ್ 1973ರಲ್ಲಿ ಪ್ರಧಾನಿಯಾದರು. ಆಟದ ಮೈದಾನದಿಂದ ಬಂದವರೂ ಇದ್ದಾರೆ. 1966ರಲ್ಲಿ ಪ್ರಧಾನಿಯಾದ ಜಾಕ್ ಲಿಂಚ್ 1941ರಿಂದ 1946ರವರೆಗೆ ಸತತ ಆರು ವರ್ಷ ದೇಶೀಯ ಕ್ರೀಡೆಗಳ ಅಖಿಲ ಐರ್ಲೆಂಡ್ ಪದಕ ಗೆದ್ದ ಕಾರ್ಕ್ ಪ್ರಾಂತದ ವೀರ. ಇವನ್ನೆಲ್ಲ ಓದಿದಾಗ ನಮಗೆ ಪರದೇಶದ ಕಥೆಯೆನಿಸುತ್ತದೆಯೆ?

ಇನ್ನು ಪಕ್ಷನಿಷ್ಠೆ. ಇಂಗ್ಲೆಂಡಿನಲ್ಲಿ ಬಹುಕಾಲ ಕಾರ್ಮಿಕನದೊಂದು ಪಕ್ಷ, ಧನಿಕನದೊಂದು ಪಕ್ಷ ಎಂಬ ಸ್ಥೂಲ ವಿಂಗಡಣೆ ಇದ್ದಂತೆ ಐರ್ಲೆಂಡಿನಲ್ಲಿ ಇರಲಿಲ್ಲ. 1921ರ ಡಿಸೆಂಬರಿನಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದವನ್ನು ಒಪ್ಪಿದವರು, ಒಪ್ಪದವರು ಎಂದು ದೇಶ ಸೀಳಿ, 1922-23ರಲ್ಲಿ ಅಂತರ್ಯುದ್ಧ ನಡೆಯಿತು. ಒಪ್ಪದವರ ಪಾಳೆಯದಿಂದ ಈಮನ್ ಡಿ ವಲೇರಾ 1926ರಲ್ಲಿ ಫಿಯಾನಾ ಫಾಯ್ಲ್ ಕಟ್ಟಿದರು. ಒಪ್ಪಿದವರ ಕಡೆಯಿಂದ 1933ರಲ್ಲಿ ಫಿನ ಗೇಲ್ ರೂಪುಗೊಂಡಿತು. ಅಜ್ಜ ಯಾವ ಕಡೆ ಬಂದೂಕು ಹಿಡಿದಿದ್ದನೋ ಮೊಮ್ಮಗ ಆ ಕಡೆಗೆ ಮತ ಹಾಕುವುದು ಬಹುಕಾಲದ ರೂಢಿ. 1982ರ ನವೆಂಬರಿನಲ್ಲೂ ಈ ಎರಡು ಪಕ್ಷಗಳು ಸೇರಿ ನೂರಕ್ಕೆ 84ರಷ್ಟು ಮತ ಪಡೆದಿದ್ದವು.

ಇಲ್ಲಿಗೆ ಆರೋಪಿಸುವವರ ಪಕ್ಷ ಬಲವಾಯಿತೆಂದು ತೋರಬಹುದು. ಅವರ ಬತ್ತಳಿಕೆಯಲ್ಲಿ ಇನ್ನೂ ಹರಿತವಾದ ಬಾಣಗಳಿವೆ. ಅವನ್ನೂ ಬಚ್ಚಿಡದೆ ಹೇಳಬೇಕು. 1982ರ ಫೆಬ್ರವರಿಯಲ್ಲಿ ಬಹುಮತವಿಲ್ಲದ ಚಾರ್ಲ್ಸ್ ಹಾಹಿ ಪ್ರಧಾನಿಯಾಗಲು ಡಬ್ಲಿನ್ ಒಳನಗರದ ಪಕ್ಷೇತರ ಸದಸ್ಯ ಟೋನಿ ಗ್ರೆಗರಿಯ ಬೆಂಬಲ ಬೇಕಾಯಿತು. ಗ್ರೆಗರಿ ತನ್ನ ಕ್ಷೇತ್ರದ ಬಡವರಿಗೆ ಮನೆ, ಕೆಲಸ, ಶಾಲೆಗಳ ಪಟ್ಟಿಯನ್ನೇ ಮುಂದಿಟ್ಟರು. 1997ರಲ್ಲಿ ದಕ್ಷಿಣ ಕೆರಿಯಿಂದ ಪಕ್ಷೇತರನಾಗಿ ಗೆದ್ದ ಜ್ಯಾಕಿ ಹೀಲಿ-ರೇ ಅಲ್ಪಮತದ ಸರ್ಕಾರಕ್ಕೆ ಬೆಂಬಲವಿತ್ತು ತಮ್ಮ ಸೀಮೆಗೆ ಬೇಕಾದುದನ್ನು ಪಡೆದರು. ಅವರ ಇಬ್ಬರು ಮಕ್ಕಳು 2016ರಿಂದ ಒಂದೇ ಕ್ಷೇತ್ರದಿಂದ ಒಟ್ಟಿಗೇ ಗೆದ್ದು ಬರುತ್ತಿದ್ದಾರೆ. ಇವೆಲ್ಲಕ್ಕಿಂತ ಕಠಿಣವಾದ ನಿದರ್ಶನ ಟಿಪ್ಪರೇರಿಯ ಮೈಕಲ್ ಲೌರಿಯವರದು. 1996ರಲ್ಲಿ ಮಂತ್ರಿಪದವಿಯನ್ನು ಬಿಡಬೇಕಾಗಿ ಬಂದ ಇವರನ್ನು 2011ರ ಮಾರ್ಚಿನಲ್ಲಿ ನ್ಯಾಯಮಂಡಳಿಯ ವರದಿ ಕಟುವಾಗಿ ಖಂಡಿಸಿತು. ರಾಜೀನಾಮೆ ಕೊಡಬೇಕೆಂದು ಡಾಯ್ಲ್ ಗೊತ್ತುವಳಿ ಸ್ವೀಕರಿಸಿತು. ವರದಿಯ ನಿರ್ಣಯಗಳನ್ನು ಅವರು ಒಪ್ಪಿಲ್ಲ. ಕ್ಷೇತ್ರದ ಜನ ಮಾತ್ರ ಅವರನ್ನು 2016ರಲ್ಲೂ 2020ರಲ್ಲೂ 2024ರಲ್ಲೂ ಗೆಲ್ಲಿಸಿದರು.

ಇದಕ್ಕೇನು ಹೇಳುತ್ತೀರಿ ಎಂದು ಕೇಳಬಹುದು. ಹೇಳಬೇಕಾದ ಮೊದಲ ಮಾತೆಂದರೆ, ಟಿ.ಡಿ.ಯ ಕ್ಲಿನಿಕ್ಕಿನ ಮುಂದೆ ಸಾಲು ನಿಲ್ಲುವವನು ಅಲ್ಲಿಗೆ ವಿನೋದಕ್ಕಾಗಿ ಬಂದವನಲ್ಲ. ಅಲ್ಪ ಆದಾಯದವರಿಗೆ ಉಚಿತ ವೈದ್ಯಕೀಯ ಕಾರ್ಡು, ಸರ್ಕಾರಿ ಮನೆ, ಮನೆ ಕಟ್ಟಲು ಅನುಮತಿ, ತಡವಾದ ಪಿಂಚಣಿ ಇವು ಅವನ ಅಹವಾಲುಗಳು. ಇವೆಲ್ಲವೂ ಅವನಿಗೆ ಹಕ್ಕಿನಿಂದ ಸಲ್ಲಬೇಕಾದುವು. ಹಕ್ಕು ಕಚೇರಿಯ ಕಿಟಕಿಯಲ್ಲಿ ಸಿಗದಿದ್ದಾಗ ಅದು ಕೃಪೆಯ ವೇಷ ತೊಟ್ಟು ರಾಜಕಾರಣಿಯ ಕೈಯಿಂದ ಸಿಗುತ್ತದೆ. ರಾಜ್ಯಶಾಸ್ತ್ರಜ್ಞ ಬೇಸಿಲ್ ಚಬ್ 1963ರಲ್ಲೇ ಪ್ರಸಿದ್ಧ ಪ್ರಬಂಧವೊಂದರಲ್ಲಿ ಐರಿಷ್ ಜನಪ್ರತಿನಿಧಿಯ ಮುಖ್ಯ ಉದ್ಯೋಗ ಶಾಸನ ರಚನೆಯಲ್ಲ, ತನ್ನ ಜನರ ಪರವಾಗಿ ಅಧಿಕಾರಿಗಳ ಬೆನ್ನು ಹತ್ತುವುದು ಎಂದು ತೋರಿಸಿದ್ದರು. ವಶೀಲಿ ಎಂಬುದು ಮತದಾರನ ಸ್ವಭಾವದೋಷವಲ್ಲ. ಅದು ಆಡಳಿತದ ದೋಷ ಮತದಾರನ ಮೇಲೆ ಹೊರಿಸಿದ ತೆರಿಗೆ.

ಆ ಆಡಳಿತದ ಸ್ವರೂಪವನ್ನು ನೋಡಿರಿ. ಪೊಲೀಸು, ಶಾಲೆ, ಆಸ್ಪತ್ರೆ ಎಲ್ಲವೂ ಡಬ್ಲಿನ್ನಿನ ಕೇಂದ್ರ ಸರ್ಕಾರದ ಹಿಡಿತದಲ್ಲಿವೆ. ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರವೂ ಕಡಿಮೆ, ಹಣವೂ ಕಡಿಮೆ. ಸಾಲದುದಕ್ಕೆ, 2014ರಲ್ಲಿ ಎಂಬತ್ತು ಪಟ್ಟಣ ಸಭೆಗಳನ್ನು ಒಂದೇ ಏಟಿಗೆ ರದ್ದುಮಾಡಿದರು. ಉಳಿದುವು 31 ಸ್ಥಳೀಯ ಮಂಡಳಿಗಳು. ಊರಿನ ಪಂಚಾಯಿತಿಯನ್ನು ಕಿತ್ತುಹಾಕಿದವರೇ ಮರುದಿನ ಪತ್ರಿಕೆಯಲ್ಲಿ, ಜನ ರಾಷ್ಟ್ರದ ಸಂಸತ್ತಿಗೆ ಊರಿನ ರಸ್ತೆಯ ಮಾತು ತರುತ್ತಾರಲ್ಲ ಎಂದು ಮೂಗು ಮುರಿದರೆ ಅದನ್ನು ವಿಚಾರವಂತಿಕೆ ಎನ್ನಬೇಕೆ? ರಸ್ತೆಯ ಮಾತನ್ನು ಆಡಲು ಬೇರೆ ಜಾಗವನ್ನೇ ಉಳಿಸಿಲ್ಲವಲ್ಲ! ಟೋನಿ ಗ್ರೆಗರಿ ಮಾಡಿಕೊಂಡ ಒಪ್ಪಂದವನ್ನು ಗುಟ್ಟಾಗಿಡಲಿಲ್ಲ, ಸಭೆಯಲ್ಲೇ ಓದಿ ಕಡತಕ್ಕೆ ಸೇರಿಸಿದರು. ಶ್ರೀಮಂತ ಬಡಾವಣೆಗಳ ಹಿತಕ್ಕೆ ಅಂಥ ಲಿಖಿತ ಒಪ್ಪಂದ ಬೇಕಾಗುವುದಿಲ್ಲ. ಅದು ಮುಂಗಡಪತ್ರದಲ್ಲಿ ತಾನಾಗಿಯೇ ನಡೆದುಹೋಗುತ್ತದೆ.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಊರು ನೋಡುವ ಮತದಾರ ಊರನ್ನು ಮಾತ್ರ ನೋಡುತ್ತಾನೆಂಬುದು ಸುಳ್ಳು. 2008ರ ಸೆಪ್ಟೆಂಬರಿನಲ್ಲಿ ಫಿಯಾನಾ ಫಾಯ್ಲ್ ನೇತೃತ್ವದ ಸರ್ಕಾರ ದಿವಾಳಿಯಂಚಿನ ಬ್ಯಾಂಕುಗಳ ಹೊಣೆಯನ್ನೆಲ್ಲ ಪ್ರಜೆಗಳ ಹೆಗಲಿಗೇರಿಸಿತು. 2010ರ ನವೆಂಬರಿನಲ್ಲಿ ಐರೋಪ್ಯ ಒಕ್ಕೂಟ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಯೊಡ್ಡಬೇಕಾಯಿತು. 2011ರ ಫೆಬ್ರವರಿಯಲ್ಲಿ ಮತದಾರ ಉತ್ತರ ಕೊಟ್ಟ. 2007ರಲ್ಲಿ ಎಪ್ಪತ್ತಕ್ಕೂ ಮಿಕ್ಕಿ ಸ್ಥಾನ ಗೆದ್ದಿದ್ದ ಆ ಪಕ್ಷ ಇಪ್ಪತ್ತಕ್ಕಿಳಿಯಿತು; ಡಬ್ಲಿನ್ ನಗರ ಮತ್ತು ಜಿಲ್ಲೆಯಲ್ಲಿ ಉಳಿದುದು ಒಂದೇ ಒಂದು ಸ್ಥಾನ. ಕ್ಲಿನಿಕ್ಕು ನಡೆಸಿದವರು, ಶವಸಂಸ್ಕಾರಗಳಿಗೆ ತಪ್ಪದೆ ಬಂದವರು, ಅಜ್ಜನ ಕಾಲದ ಹೆಸರುಳ್ಳವರು ಎಲ್ಲರೂ ಕೊಚ್ಚಿಹೋದರು. ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ಪಕ್ಷಕ್ಕೆ ನೂರಕ್ಕೆ 17ಕ್ಕೂ ಹೆಚ್ಚು ಮೊದಲ ಪ್ರಾಶಸ್ತ್ಯದ ಮತ ಬಂದಿತ್ತು, ಸ್ಥಾನಗಳು ಮಾತ್ರ 12ರ ಪ್ರಮಾಣದಲ್ಲಿ ಬಂದವು. ಇತರ ಪಕ್ಷಗಳ ಮತದಾರರು ಅದಕ್ಕೆ ತಮ್ಮ ಎರಡನೆಯ, ಮೂರನೆಯ ಅಂಕಿಯನ್ನೂ ಕೊಡಲು ನಿರಾಕರಿಸಿದ್ದು ಇದಕ್ಕೊಂದು ಮುಖ್ಯ ಕಾರಣ. ಒಲವಿಗೆ ಮಾತ್ರವಲ್ಲ, ಒಲ್ಲೆನೆಂಬುದಕ್ಕೂ ಅಲ್ಲಿ ದಾಖಲೆಯುಂಟು.

ಆ ಚುನಾವಣೆಯಲ್ಲಿ 37 ಸ್ಥಾನ ಗೆದ್ದು ಸರ್ಕಾರ ಸೇರಿದ ಲೇಬರ್ ಪಕ್ಷ ಮಿತವ್ಯಯದ ಬರೆ ಎಳೆಯಲು ಕೈಜೋಡಿಸಿತು. 2016ರಲ್ಲಿ ಅದಕ್ಕೆ ಉಳಿದುದು ಏಳು. ಹಸಿರು ಪಕ್ಷ 2020ರಲ್ಲಿ ಹನ್ನೆರಡು ಸ್ಥಾನ ಪಡೆದು ಸರ್ಕಾರ ಸೇರಿ, 2024ರಲ್ಲಿ ಒಂದಕ್ಕಿಳಿಯಿತು. ಕೊಟ್ಟ ಮಾತನ್ನು ಲೆಕ್ಕವಿಡುವ ಮತದಾರ ಇವನು. ಅಜ್ಜಂದಿರ ಅಂತರ್ಯುದ್ಧದ ಲೆಕ್ಕವನ್ನೂ ಅವನೇ ಚುಕ್ತಾ ಮಾಡಿದ. ಮೊದಲು ನೂರಕ್ಕೆ 84 ಮತ ಪಡೆದ ಎರಡು ಹಳೆಯ ಪಕ್ಷಗಳು 2024ರಲ್ಲಿ ಸೇರಿ 43ನ್ನೂ ಮುಟ್ಟಲಿಲ್ಲ. ಶತಮಾನದ ವೈರಿಗಳು 2020ರಲ್ಲಿ ಒಂದೇ ಸರ್ಕಾರದಲ್ಲಿ ಕೂರುವಂತಾದುದು ನಾಯಕರ ಔದಾರ್ಯದಿಂದಲ್ಲ, ಮತದಾರನ ಕೈ ಬದಲಾದುದರಿಂದ.

ಮುಂಬಯಿಯ ಓದುಗರಿಗೆ ಪರಿಚಿತವಾದ ಹೆಸರೊಂದು ಇಲ್ಲಿ ಬರಬೇಕು. ಮುಂಬಯಿ ಮೂಲದ ವೈದ್ಯರ ಮಗ ಲಿಯೋ ವರಾಡ್ಕರ್ 2017ರ ಜೂನಿನಲ್ಲಿ ಪ್ರಧಾನಿಯಾದಾಗ ನಮ್ಮ ಪತ್ರಿಕೆಗಳೆಲ್ಲ ನಮ್ಮ ರಕ್ತ, ನಮ್ಮ ಕೊಂಕಣವೆಂದು ಸಂಭ್ರಮಿಸಿದವು. ಪಶ್ಚಿಮ ಡಬ್ಲಿನ್ನಿನ ಮತದಾರ ಅವರ ರಕ್ತವನ್ನು ಪರೀಕ್ಷಿಸಿರಲಿಲ್ಲ. ಅಲ್ಲಿಯೇ ಬೆಳೆದು, ಅಲ್ಲಿಯ ಸ್ಥಳೀಯ ಮಂಡಳಿಯಲ್ಲಿ ಕೆಲಸ ಮಾಡಿದ ವೈದ್ಯನೆಂದು 2007ರಲ್ಲಿ ಆರಿಸಿದ್ದ. 2020ರ ಫೆಬ್ರವರಿ ಚುನಾವಣೆಯಲ್ಲಿ ವರಾಡ್ಕರ್ ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರನಡೆದ ಪ್ರಸಂಗವನ್ನು ತಾನು ನಿಭಾಯಿಸಿದ ರೀತಿಯನ್ನು ಮುಂದಿಟ್ಟು ಮತ ಕೇಳಿದರು. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದ ಸಮೀಕ್ಷೆಯಲ್ಲಿ ಆ ವಿಷಯವನ್ನು ನಿರ್ಣಾಯಕವೆಂದವರು ನೂರಕ್ಕೆ ಒಬ್ಬರು! ಆರೋಗ್ಯ ವ್ಯವಸ್ಥೆ ಎಂದವರು 32, ವಸತಿ ಎಂದವರು 26. ಪ್ರಧಾನಿಯೇ ತನ್ನ ಕ್ಷೇತ್ರದಲ್ಲಿ ಮೊದಲಿಗರಾಗದೆ ಐದನೆಯ ಸುತ್ತಿನಲ್ಲಿ ಆಯ್ಕೆಯಾದರು. ಮೊದಲಿಗರಾದವರು ಶಿನ್ ಫೇನ್ ಪಕ್ಷದವರು. ಬಾಡಿಗೆ ಕಟ್ಟಲಾಗದ ತರುಣನೂ ಆಸ್ಪತ್ರೆಯ ಸಾಲಿನಲ್ಲಿ ಕಾದ ಮುದುಕಿಯೂ ತಮ್ಮ ಅನುಭವದಿಂದ ಮತ ಹಾಕಿದರೆ ಅದು ಸಂಕುಚಿತ ದೃಷ್ಟಿಯೆ? ಅನುಭವದಲ್ಲದೆ ಇನ್ನಾವುದರಲ್ಲಿ ರಾಷ್ಟ್ರನೀತಿ ಸಾಮಾನ್ಯನನ್ನು ಮುಟ್ಟುತ್ತದೆ?

ಈ ಮತದಾರನ ವಿವೇಕಕ್ಕೆ ಸಾಕ್ಷಿ ಬೇಕಾದವರು 1959ರ ಜೂನ್ 17ನ್ನು ನೆನೆಯಬೇಕು. ಅಂದು ಐರ್ಲೆಂಡಿನಲ್ಲಿ ಒಂದೇ ದಿನ ಎರಡು ಮತದಾನಗಳಾದವು. ಒಂದು, ರಾಷ್ಟ್ರಾಧ್ಯಕ್ಷರ ಆಯ್ಕೆ; ಅದಕ್ಕೆ ಡಿ ವಲೇರಾ ಸ್ಪರ್ಧಿಸಿದ್ದರು. ಇನ್ನೊಂದು, ಪ್ರಾಶಸ್ತ್ಯಮತದ ಪದ್ಧತಿಯನ್ನು ತೆಗೆದುಹಾಕಿ ಬ್ರಿಟನ್ನಿನಂತೆ ಹೆಚ್ಚು ಮತ ಪಡೆದವನೊಬ್ಬನೇ ಗೆಲ್ಲುವ ಪದ್ಧತಿ ತರುವ ಜನಮತಗಣನೆ. ಅದೂ ಡಿ ವಲೇರಾ ಅವರ ಸರ್ಕಾರದ್ದೇ ಸೂಚನೆ. ಜನ ಡಿ ವಲೇರಾ ಅವರನ್ನು ಗೆಲ್ಲಿಸಿದರು, ಅವರ ಸೂಚನೆಯನ್ನು ಸೋಲಿಸಿದರು. ಬೇಡವೆಂದವರು ನೂರಕ್ಕೆ ಸುಮಾರು 52. ನಾಯಕನ ಮೇಲಿನ ಗೌರವ ಬೇರೆ, ನಾಯಕನ ಪಕ್ಷ ನಿರಂತರ ಬಹುಮತ ಗಳಿಸಿಕೊಳ್ಳುವ ಉಪಾಯ ಬೇರೆ ಎಂದು ಅದೇ ಕೈ, ಅದೇ ದಿನ ವಿಂಗಡಿಸಿತು. 1968ರಲ್ಲಿ ಫಿಯಾನಾ ಫಾಯ್ಲ್ ಮತ್ತೆ ಪ್ರಯತ್ನಿಸಿತು. ಈ ಸಲ ಬೇಡವೆಂದವರು 60ಕ್ಕೂ ಹೆಚ್ಚು. ಅನಂತರ ಯಾವ ಸರ್ಕಾರವೂ ಆ ಪ್ರಶ್ನೆಯನ್ನು ಜನರ ಮುಂದಿಟ್ಟಿಲ್ಲ.

ಏಕೆ ಬಿಟ್ಟುಕೊಡಲಿಲ್ಲ? ಅಂಕಿ ಹಾಕುವ ಹಕ್ಕಿನ ಬೆಲೆಯನ್ನು ಅವರು ಬಲ್ಲರು. ಮೊದಲ ಅಂಕಿಯನ್ನು ಊರಿನವನಿಗೆ ಕೊಟ್ಟು ಎರಡನೆಯದನ್ನು ನೀತಿಗೆ ಕೊಡಬಹುದು. ಮೊದಲನೆಯದನ್ನು ಗೆಲ್ಲಲಾರದ ಆದರ್ಶವಾದಿಗೆ ಕೊಟ್ಟು ಎರಡನೆಯದನ್ನು ಗೆಲ್ಲಬಲ್ಲವನಿಗೆ ಕೊಡಬಹುದು. ಮತ ವ್ಯರ್ಥವಾದೀತೆಂಬ ಭಯವಿಲ್ಲ. 2024ರಲ್ಲಿ ಡಬ್ಲಿನ್ ಕೇಂದ್ರ ಕ್ಷೇತ್ರದಲ್ಲಿ, ಕೊಲೆ ಪ್ರಕರಣವೊಂದರಲ್ಲಿ ಹಿಂದಿನ ವರ್ಷ ಖುಲಾಸೆಯಾಗಿ ದೇಶವಿಡೀ ಚರ್ಚೆಗೆ ಗುರಿಯಾಗಿದ್ದ ಗೆರಾರ್ಡ್ ಹಚ್ ಪಕ್ಷೇತರನಾಗಿ ನಿಂತು, ಮೊದಲ ಎಣಿಕೆಯಲ್ಲಿ ನಾಲ್ಕನೆಯವನಾದ. ಇದ್ದುದು ನಾಲ್ಕು ಸ್ಥಾನ. ಆದರೆ ಬೇರೆ ಅಭ್ಯರ್ಥಿಗಳ ಮತಗಳು ಹರಿದು ಬಂದಂತೆ ಹಿಂದಿದ್ದ ಲೇಬರ್ ಪಕ್ಷದ ಮರೀ ಶೆರ್ಲಾಕ್ ಮುಂದೆ ಬಂದು ಗೆದ್ದರು. ಕೆಲವರ ಗಾಢ ಬೆಂಬಲವೂ ಹಲವರ ಸಾಧಾರಣ ಸಮ್ಮತಿಯೂ ಎರಡೂ ಎಣಿಕೆಗೆ ಬರುವ ಪದ್ಧತಿ ಇದು. 2024ರ ಜುಲೈಯಲ್ಲಿ ನೆರೆಯ ಬ್ರಿಟನ್ನಿನಲ್ಲಿ ನೂರಕ್ಕೆ 34ರಷ್ಟು ಮತ ಪಡೆದ ಪಕ್ಷ 63ರಷ್ಟು ಸ್ಥಾನಗಳನ್ನು ಬಾಚಿಕೊಂಡುದನ್ನು ಇದರೊಡನೆ ಹೋಲಿಸಿರಿ.

ಐರಿಷ್ ಮತದಾರ ದೇವತೆಯೆಂದು ನಾನು ಹೇಳುತ್ತಿಲ್ಲ. 1977ರಲ್ಲಿ ಮನೆತೆರಿಗೆಯನ್ನೂ ಮೋಟಾರು ತೆರಿಗೆಯನ್ನೂ ತೆಗೆಯುತ್ತೇವೆಂದ ಫಿಯಾನಾ ಫಾಯ್ಲ್‌ಗೆ ಅವನು ನೂರಕ್ಕೆ 50ಕ್ಕೂ ಹೆಚ್ಚು ಮತ, 148ರಲ್ಲಿ 84 ಸ್ಥಾನ ಕೊಟ್ಟ. ಆ ಉಡುಗೊರೆಯ ಸಾಲವನ್ನು 1980ರ ದಶಕವಿಡೀ ತೀರಿಸಿದ. ಮನೆತೆರಿಗೆ ಹೋದುದರಿಂದ ಸ್ಥಳೀಯ ಸಂಸ್ಥೆಗಳು ಇನ್ನಷ್ಟು ಬಡವಾಗಿ ಕ್ಲಿನಿಕ್ಕಿನ ಸಾಲು ಉದ್ದವಾಯಿತು. 2024ರಲ್ಲಿ ಮತಗಟ್ಟೆಗೆ ಬಂದವರೇ ನೂರಕ್ಕೆ 60ಕ್ಕಿಂತ ಕಡಿಮೆ. ಬಾರದವರ ಮೌನ ಆ ಪ್ರಜಾಪ್ರಭುತ್ವಕ್ಕೆ ಹಚ್ಚಿದ ಕಪ್ಪು ಚುಕ್ಕೆಯೇ. ಆದರೆ ಆಮಿಷಕ್ಕೆ ಒಲಿದವನನ್ನು ಹಳಿಯುವವರು ಆಮಿಷವನ್ನು ಅಚ್ಚು ಹಾಕಿಸಿದ ಸುಶಿಕ್ಷಿತ ಅರ್ಥತಜ್ಞರನ್ನು ಏಕೆ ಹಳಿಯುವುದಿಲ್ಲ? ಬ್ಯಾಂಕುಗಳನ್ನು ಮುಳುಗಿಸಿದವರು ಕೆರಿಯ ಕುರಿಗಾಹಿಗಳಾಗಿರಲಿಲ್ಲವಷ್ಟೆ.

ಈಗ ನಮ್ಮ ಮನೆಗೆ ಬರೋಣ. ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿಗೆ 1937ರ ಐರಿಷ್ ಸಂವಿಧಾನ ಮಾದರಿಯೆಂಬುದನ್ನು ಶಾಲೆಯ ಮಕ್ಕಳೂ ಓದುತ್ತಾರೆ. ತತ್ತ್ವಗಳನ್ನು ತಂದೆವು, ಮತಪತ್ರವನ್ನು ತರಲಿಲ್ಲ. 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಈ ಪದ್ಧತಿಗಾಗಿ ತಿದ್ದುಪಡಿ ತಂದಾಗ ಡಾ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಂಕಿ ಬರೆಯುವಷ್ಟು ಅಕ್ಷರಜ್ಞಾನ ಜನರಲ್ಲಿ ಇನ್ನೂ ಹರಡಿಲ್ಲ, ಶಾಸನಸಭೆ ಚೂರುಚೂರಾಗಿ ಸರ್ಕಾರ ಅಸ್ಥಿರವಾದೀತು ಎಂಬುದು ಅವರ ವಾದ. ಅಂದಿನ ಭಾರತಕ್ಕೆ ಅದು ಪ್ರಾಮಾಣಿಕವಾದ, ತೂಕವುಳ್ಳ ವಾದವೇ. ಆದರೆ ಮೊದಲ ಕಾರಣ ಇಂದು ನಿಲ್ಲುವುದಿಲ್ಲ. ಎರಡನೆಯದನ್ನು ನಮ್ಮ ಈಗಿನ ಪದ್ಧತಿಯೂ ತಡೆಯಲಿಲ್ಲವೆಂಬುದಕ್ಕೆ 1989ರಿಂದ 1999ರವರೆಗಿನ ದಶಕದಲ್ಲಿ ನಾವು ಕಂಡ ಐದು ಲೋಕಸಭಾ ಚುನಾವಣೆಗಳೇ ಸಾಕ್ಷಿ. ರಾಷ್ಟ್ರಪತಿಯನ್ನೂ ರಾಜ್ಯಸಭೆಯ ಸದಸ್ಯರನ್ನೂ ನಮ್ಮ ಶಾಸಕರು ಅಂಕಿ ಹಾಕಿಯೇ ಆರಿಸುತ್ತಾರೆ. ಕರ್ನಾಟಕ, ಮಹಾರಾಷ್ಟ್ರಗಳ ವಿಧಾನ ಪರಿಷತ್ತಿಗೆ ಪದವೀಧರರೂ ಶಿಕ್ಷಕರೂ ಹಾಗೆಯೇ ಆರಿಸುತ್ತಾರೆ. ಸುಶಿಕ್ಷಿತರಿಗೆ ಎರಡನೆಯ ಪ್ರಾಶಸ್ತ್ಯದ ಹಕ್ಕು, ಸಾಮಾನ್ಯನಿಗೆ ಒಂದೇ ಗುರುತು! ಹಾಗಿಟ್ಟು, ಆ ಸಾಮಾನ್ಯನಿಗೆ ಸೂಕ್ಷ್ಮವಾಗಿ ಆಲೋಚಿಸಲು ಬಾರದೆಂದು ಹಳಿಯುವುದು ಕೈಕಟ್ಟಿ ಈಜಲು ಹೇಳಿದಂತೆ.

ಹೊರನಾಡ ಕನ್ನಡಿಗರಾದ ನಮಗೆ ಈ ಮಾತು ಇನ್ನೂ ಹತ್ತಿರದ್ದು. ನಾವು ಬಹುತೇಕ ಕಡೆ ಚದುರಿದವರು. ಒಬ್ಬನೇ ಗೆಲ್ಲುವ ಕ್ಷೇತ್ರದಲ್ಲಿ ಚದುರಿದವರ ಮತಕ್ಕೆ ಎರಡೇ ಗತಿ: ಗಂಟುಕಟ್ಟಿ ಯಾರಿಗೋ ಒಪ್ಪಿಸುವುದು, ಇಲ್ಲವೆ ಲೆಕ್ಕಕ್ಕೇ ಬಾರದೆ ಹೋಗುವುದು. ಚುನಾವಣೆ ಸಮೀಪಿಸಿದಾಗ ರಾಜ್ಯೋತ್ಸವದ ವೇದಿಕೆಗೆ ಬಂದು ಶಾಲು ಹೊದೆದು ಎರಡು ಕನ್ನಡ ಮಾತಾಡಿ ಹೋಗುವವರು ಆ ಗಂಟಿಗಾಗಿಯೇ ಬರುವುದು. ಗಂಟು ಕಟ್ಟುವ ಮುಖಂಡರೂ ನಮ್ಮಲ್ಲಿ ಕಡಿಮೆಯಿಲ್ಲ. ಎರಡನೆಯ ಅಂಕಿಯ ಹಕ್ಕಿದ್ದಲ್ಲಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನವರಲ್ಲದವರ ಸದ್ಭಾವವನ್ನೂ ಬೇಡಬೇಕಾಗುತ್ತದೆ; ಪರಭಾಷಿಕರನ್ನು ಬೈದು ಮತ ಗಳಿಸುವವನಿಗೆ ಆ ಬೈಗುಳ ದುಬಾರಿಯಾಗುತ್ತದೆ. ಅಲ್ಪಸಂಖ್ಯಾತನಿಗೆ ಇದಕ್ಕಿಂತ ಗೌರವದ ರಕ್ಷಣೆ ಬೇರೊಂದಿಲ್ಲ.

ದೇಶದ ಚುನಾವಣಾ ಕಾಯಿದೆ ನಮ್ಮ ಕೈಯಲ್ಲಿಲ್ಲ ನಿಜ. ನಮ್ಮ ಸಂಘಗಳ ನಿಯಮಾವಳಿ ನಮ್ಮ ಕೈಯಲ್ಲಿದೆಯಷ್ಟೆ. ನಮ್ಮ ಎಷ್ಟೋ ಕನ್ನಡ ಸಂಘಗಳಲ್ಲಿ ಕಾರ್ಯಕಾರಿ ಸಮಿತಿಯ ಚುನಾವಣೆ ನಡೆಯುವುದು ಹೇಗೆ? ಎರಡು ಬಣಗಳು ಎರಡು ಪಟ್ಟಿ ಹಿಡಿದು ನಿಲ್ಲುತ್ತವೆ. ಹದಿನೈದು ಸ್ಥಾನ, 480 ಮತದಾರರೆಂದುಕೊಳ್ಳಿ. 260 ಮಂದಿ ಒಂದು ಪಟ್ಟಿಗೆ, 220 ಮಂದಿ ಇನ್ನೊಂದಕ್ಕೆ ಮತ ಹಾಕಿದರೆ ಹದಿನೈದೂ ಸ್ಥಾನ ಮೊದಲನೆಯವರಿಗೆ. ಸೋತ 220 ಮಂದಿ ಮುನಿಸಿಕೊಂಡು ಬೀದಿಯಾಚೆ ಎರಡನೆಯ ಸಂಘ ಕಟ್ಟುತ್ತಾರೆ. ಮರುವರ್ಷ ಒಂದೇ ಊರಿನಲ್ಲಿ ಎರಡು ರಾಜ್ಯೋತ್ಸವ, ಎರಡೂ ಕಡೆ ಖಾಲಿ ಕುರ್ಚಿಗಳು. ಐರಿಷ್ ಲೆಕ್ಕದಲ್ಲಾದರೆ 480ನ್ನು ಹದಿನಾರರಿಂದ ಭಾಗಿಸಿ ಒಂದು ಕೂಡಿದರೆ 31. ಬಣದ ಒಳಗೇ ಅಂಕಿಗಳು ಹರಿದರೆ ಮೊದಲಿನವರಿಗೆ ಎಂಟು ಸ್ಥಾನ, ಎರಡನೆಯವರಿಗೆ ಏಳು. ಯಾವ ಬಣಕ್ಕೂ ಸೇರದ ಮೂವತ್ತೊಂದು ಮಂದಿ ನಾಟಕಾಸಕ್ತರೋ ಗ್ರಂಥಾಲಯಪ್ರೇಮಿಗಳೋ ಒಟ್ಟಾದರೆ ಅವರದೂ ಒಬ್ಬ ಪ್ರತಿನಿಧಿ. ಆಗ ಜಗಳ ಸಮಿತಿಯ ಒಳಗೆ ನಡೆಯುತ್ತದೆ, ಸಂಘ ಒಡೆಯುವುದಿಲ್ಲ.

ಆದುದರಿಂದ ಈ ಲೇಖನದ ಬೇಡಿಕೆ ದೊಡ್ಡದಲ್ಲ. ಬರುವ ವಾರ್ಷಿಕ ಮಹಾಸಭೆಯಲ್ಲಿ ನಿಯಮಾವಳಿಗೆ ಒಂದು ತಿದ್ದುಪಡಿ ತನ್ನಿ; ಮತಪತ್ರದಲ್ಲಿ ಗುರುತಿನ ಬದಲು ಅಂಕಿ ಹಾಕುವ ಅವಕಾಶ ಕೊಡಿ. ಬಣದ ಮುಖಂಡರು ಇದನ್ನು ವಿರೋಧಿಸುವರು, ಸದಸ್ಯರಿಗೆ ಇಷ್ಟೊಂದು ಲೆಕ್ಕ ತಿಳಿಯದೆನ್ನುವರು. 1959ರಲ್ಲಿ ಡಬ್ಲಿನ್ನಿನಲ್ಲೂ ಹೊಸ ಪದ್ಧತಿಯೇ ಜನರಿಗೆ ಸುಲಭ, ಸರ್ಕಾರಕ್ಕೆ ಕ್ಷೇಮವೆಂದು ವಾದಿಸಿದವರು ಅಧಿಕಾರದಲ್ಲಿದ್ದವರೇ. ತಮಗೆ ಏನು ಬೇಕು, ಅದು ಸಿಗದಿದ್ದರೆ ಇನ್ನೇನು ಬೇಕು, ಏನು ಸುತರಾಂ ಬೇಡ ಎಂಬುದನ್ನು ಜನ ಬಲ್ಲರು. ಅದನ್ನು ಬರೆಯಲು ಅವರಿಗೆ ಜಾಗ ಕೊಟ್ಟ ಮೇಲೆ ಅವರ ವಿವೇಕವನ್ನು ಕುರಿತು ತೀರ್ಪು ಹೇಳೋಣ.